ಒಂದೇ ವರದಿ, ಮೂರು ಬಗೆಯ ಸಹಿ

ಕಟ್ಟಡಗಳನ್ನು ಪರೀಕ್ಷಿಸಿ ವರದಿ ಬರೆಯುವುದು ನನ್ನ ವೃತ್ತಿ. ಕೊನೆಯ ಪುಟದಲ್ಲಿ ನನ್ನ ಸಹಿ ಬಿತ್ತೆಂದರೆ ಒಳಗಿನ ಪ್ರತಿ ಅಂಕಿಗೂ ನಾನೇ ಹೊಣೆ. ಹೋದ ವರ್ಷ ನನ್ನದೇ ಒಂದು ವರದಿ ನಾಲ್ಕಾರು ಕೈ ದಾಟಿ ನನ್ನ ಬಳಿಗೆ ವಾಪಸು ಬಂತು. ನಾನು 1.2 ಮಿಲಿಮೀಟರ್ ಎಂದು ಬರೆದಿದ್ದ ಬಿರುಕಿನ ಅಗಲ 0.2 ಆಗಿತ್ತು. ಕೆಳಗೆ ನನ್ನ ಸಹಿ ಇದ್ದ ಹಾಗೆಯೇ ಇತ್ತು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಆಗ ನಾನು ಬಳಸುತ್ತಿದ್ದದ್ದು ಎಷ್ಟೋ ಜನ ಬಳಸುವ ದಾರಿಯೇ: ಕಾಗದದ ಮೇಲೆ ಸಹಿ ಹಾಕಿ, ಸ್ಕ್ಯಾನ್ ಮಾಡಿ, ಆ ಚಿತ್ರವನ್ನು ಪಿಡಿಎಫ್‌ಗೆ ಅಂಟಿಸುವುದು. ಆ ಘಟನೆಯ ನಂತರ ಇನ್ನೆರಡು ದಾರಿಗಳನ್ನು ಹಿಡಿದೆ. ಒಂದು, ಮೇಲ್‌ನಲ್ಲಿ ಲಿಂಕ್ ಕಳಿಸಿ ಸಹಿ ಪಡೆಯುವ ಆನ್‌ಲೈನ್ ಸೇವೆ. ಇನ್ನೊಂದು, ಪೆನ್‌ಡ್ರೈವ್‌ನಂತೆ ಕಾಣುವ ಯುಎಸ್‌ಬಿ ಟೋಕನ್‌ನಲ್ಲಿ ಬರುವ, ಸಹಿ ಯಾರದೆಂದು ಹೇಳುವ ಡಿಜಿಟಲ್ ಪ್ರಮಾಣಪತ್ರ. ಒಂದೇ ವರದಿಗೆ ಮೂರೂ ಬಗೆಯಲ್ಲಿ ಸಹಿ ಹಾಕಿ, ಮೂರನ್ನೂ ಕೆಡಿಸಲು ನಾನೇ ಕೂತೆ.

ಮೊದಲು ಅಂಕಿ ತಿದ್ದಿದೆ. ಚಿತ್ರ ಅಂಟಿಸಿದ ಕಡತ ತುಟಿ ಬಿಚ್ಚಲಿಲ್ಲ. ಅಷ್ಟೇ ಅಲ್ಲ, ಅದರೊಳಗಿಂದ ಸಹಿಯ ಚಿತ್ರವನ್ನು ಎತ್ತಿ ಬೇರೆ ಪತ್ರಕ್ಕೆ ಅಂಟಿಸಲು ಒಂದು ನಿಮಿಷವೂ ಬೇಕಾಗಲಿಲ್ಲ. ಹಾಗೆ ಸಹಿ ಹಾಕಿ ಕಳಿಸುವುದೆಂದರೆ ಖಾಲಿ ಹಾಳೆಗೆ ರುಜು ಮಾಡಿ ಕೊಟ್ಟಂತೆಯೇ. ಟೋಕನ್ ಸಹಿಯ ಕಡತವನ್ನು ತಿದ್ದಿ ತೆರೆದಾಗ ಸಹಿಯ ನಂತರ ದಾಖಲೆ ಬದಲಾಗಿದೆ ಎಂಬ ಎಚ್ಚರಿಕೆ ಕೂಡಲೇ ಬಂತು. ಸಹಿ ಬಿದ್ದಾಗ ಇದ್ದ ಮೂಲ ಪ್ರತಿಯನ್ನೂ ಅಲ್ಲೇ ತೆರೆದು ನೋಡಲು ಸಾಧ್ಯವಾಯಿತು. ಸಹಿ ಹಾಕುವಾಗ ತಂತ್ರಾಂಶವು ಇಡೀ ಕಡತದಿಂದ ಅದರ ಬೆರಳಚ್ಚಿನಂಥ ಒಂದು ಸಾರಸಂಖ್ಯೆ (ಹ್ಯಾಶ್) ತೆಗೆಯುತ್ತದೆ. ಟೋಕನ್‌ನಿಂದ ಹೊರಬರದ ಖಾಸಗಿ ಕೀಲಿಯಿಂದ, ಅಂದರೆ ನನ್ನೊಬ್ಬನದೇ ಆದ ಗುಪ್ತ ಸಂಕೇತದಿಂದ, ಆ ಸಂಖ್ಯೆಗೆ ಮುದ್ರೆ ಬೀಳುತ್ತದೆ. ಒಂದು ಅಕ್ಷರ ಅಲುಗಿದರೂ ಸಾರಸಂಖ್ಯೆ ತಾಳೆಯಾಗುವುದಿಲ್ಲ. ಸಾರಸಂಖ್ಯೆಗೆ ಎಸ್‌ಎಚ್‌ಎ-256 ಎಂಬ ಲೆಕ್ಕದ ವಿಧಾನ ಬಳಕೆಯಾಗುತ್ತಿದೆಯೇ ಎಂದು ಸೆಟ್ಟಿಂಗ್‌ನಲ್ಲಿ ಒಮ್ಮೆ ನೋಡಿಕೊಳ್ಳಿ. ಹಳೆಯ ಎಸ್‌ಎಚ್‌ಎ-1ರಲ್ಲಿ ಒಂದೇ ಸಾರಸಂಖ್ಯೆ ಬರುವ ಎರಡು ಬೇರೆ ಬೇರೆ ಪಿಡಿಎಫ್‌ಗಳನ್ನು ಸಂಶೋಧಕರು 2017ರಲ್ಲೇ ತಯಾರಿಸಿ ತೋರಿಸಿದ್ದಾರೆ.

ಆನ್‌ಲೈನ್ ಸೇವೆಯ ಕಡತವೂ ತಿದ್ದುಪಡಿಯನ್ನು ಹಿಡಿಯಿತು. ಆದರೆ ಸಹಿಯ ವಿವರ ತೆರೆದು ನೋಡಿದರೆ ಪ್ರಮಾಣಪತ್ರದಲ್ಲಿ ಇದ್ದದ್ದು ಆ ಸೇವೆಯ ಹೆಸರು, ನನ್ನದಲ್ಲ. ನಾನು ಯಾರೆಂಬುದು ಜೊತೆಗೆ ಬಂದ ದಾಖಲೆಪಟ್ಟಿಯಲ್ಲಿತ್ತು: ಯಾವ ಮೇಲ್ ವಿಳಾಸ, ಯಾವ ಐಪಿ ವಿಳಾಸ (ಇಂಟರ್‌ನೆಟ್ ಸಂಪರ್ಕದ ಸಂಖ್ಯೆ), ಎಷ್ಟು ಹೊತ್ತಿಗೆ ತೆರೆದರು, ಎಷ್ಟು ಹೊತ್ತಿಗೆ ಸಹಿ ಹಾಕಿದರು. ಅಂದರೆ ಅಲ್ಲಿ ನನ್ನ ಗುರುತು ನಿಂತಿರುವುದು ನನ್ನ ಮೇಲ್ ಪೆಟ್ಟಿಗೆಯ ಭದ್ರತೆಯ ಮೇಲೆ.

ಎರಡನೆಯ ಪರೀಕ್ಷೆಯಲ್ಲಿ ಇದು ಇನ್ನೂ ಸ್ಪಷ್ಟವಾಯಿತು. ನನಗೆ ಬಂದ ಲಿಂಕನ್ನು ಸಹೋದ್ಯೋಗಿಯೊಬ್ಬರಿಗೆ ಕಳಿಸಿ, ‘ನನ್ನ ಹೆಸರಿನಲ್ಲಿ ಸಹಿ ಹಾಕಿ ನೋಡಿ’ ಎಂದೆ. ಎರಡು ಕ್ಲಿಕ್‌ನಲ್ಲಿ ಹಾಕಿಬಿಟ್ಟರು. ಫೋನಿಗೆ ಒಟಿಪಿ ಬರುವಂತೆ ಮಾಡಿ ಮತ್ತೆ ಕಳಿಸಿದಾಗ ಅವರಿಗೆ ಮುಂದೆ ಹೋಗಲಾಗಲಿಲ್ಲ. ಒಟಿಪಿಯ ಆಯ್ಕೆ ಇದ್ದೂ ಅದನ್ನು ಹಾಕದೆ ಕಳಿಸುವವರನ್ನು ದಿನವೂ ನೋಡುತ್ತೇನೆ, ದಯವಿಟ್ಟು ಹಾಕಿ. ಸಹಿ ಕೇಳುವ ಮೇಲ್‌ಗಳ ವೇಷದಲ್ಲಿ ವಂಚಕರೂ ಬರುತ್ತಾರೆ. ಹಾಗಾಗಿ ನಿರೀಕ್ಷಿಸದ ಲಿಂಕನ್ನು ನಾನು ಒತ್ತುವುದಿಲ್ಲ, ಸೇವೆಯ ತಾಣಕ್ಕೆ ನಾನೇ ಹೋಗಿ ನನ್ನ ಖಾತೆಯಲ್ಲಿ ದಾಖಲೆ ಇದೆಯೇ ಎಂದು ನೋಡುತ್ತೇನೆ.

ಮೂರನೆಯದು ಸಮಯ. ಕಂಪ್ಯೂಟರಿನ ಗಡಿಯಾರವನ್ನು ಒಂದು ತಿಂಗಳು ಹಿಂದಕ್ಕೆ ತಿರುಗಿಸಿ ಟೋಕನ್‌ನಿಂದ ಸಹಿ ಹಾಕಿದೆ. ಆ ಸುಳ್ಳು ದಿನಾಂಕವೇ ಸಹಿಯ ಮೇಲೆ ಕೂತಿತು! ಟೋಕನ್‌ನಲ್ಲಿ ನನ್ನ ನಂಬಿಕೆ ಅಲುಗಿದ್ದು ಅಲ್ಲೊಂದೇ ಕಡೆ. ಪರಿಹಾರ ಸುಲಭ: ಪಿಡಿಎಫ್ ತಂತ್ರಾಂಶದಲ್ಲಿ ಸಮಯಮುದ್ರೆ ಸರ್ವರ್‌ನ ವಿಳಾಸ ಕೊಟ್ಟರೆ ದಿನಾಂಕ ಹೊರಗಿನ, ಸ್ವತಂತ್ರ ಗಡಿಯಾರದಿಂದ ಬರುತ್ತದೆ. ಪ್ರಮಾಣಪತ್ರದ ಅವಧಿ ಮುಗಿದ ಮೇಲೂ, ಅದು ಚಾಲ್ತಿಯಲ್ಲಿದ್ದಾಗಲೇ ಸಹಿ ಬಿದ್ದಿತ್ತು ಎಂದು ತೋರಿಸಲು ಈ ಮುದ್ರೆಯೇ ಆಧಾರ. ಆನ್‌ಲೈನ್ ಸೇವೆಗೆ ಈ ತೊಂದರೆ ಇಲ್ಲ, ಅದು ತನ್ನ ಸರ್ವರ್‌ನ ಸಮಯವನ್ನೇ ಬರೆಯುತ್ತದೆ.

ಬಳಕೆಯ ಸುಲಭದಲ್ಲಿ ಸೇವೆಯೇ ಮುಂದು, ಅದರಲ್ಲಿ ಎರಡು ಮಾತಿಲ್ಲ. ಟೋಕನ್‌ನಲ್ಲಿ ನಾನು ಎಡವಿದ್ದೂ ಉಂಟು. ಸಹಿ ಹಾಕುವಾಗ ‘ಮುಂದೆ ಯಾವ ಬದಲಾವಣೆಗೂ ಅವಕಾಶವಿಲ್ಲ’ ಎಂಬ ಆಯ್ಕೆ ಒತ್ತಿಬಿಟ್ಟೆ. ನನ್ನ ನಂತರ ಸಹಿ ಹಾಕಬೇಕಿದ್ದವರಿಗೆ ಬಾಗಿಲು ಮುಚ್ಚಿತು. ಆ ಆಯ್ಕೆ ಕೊನೆಯವರಿಗೆ ಬಿಟ್ಟದ್ದು. ಇನ್ನೊಮ್ಮೆ ಸಹಿಯಾದ ಎರಡು ಕಡತಗಳನ್ನು ಸೇರಿಸಿ ಒಂದು ಮಾಡಿದೆ, ಎರಡೂ ಸಹಿಗಳು ಅಳಿದುಹೋದವು. ಮುದ್ರಿಸಿ ಸ್ಕ್ಯಾನ್ ಮಾಡಿದರೂ ಅದೇ ಗತಿ, ಉಳಿಯುವುದು ಬರೀ ಚಿತ್ರ.

ಈಗ ನನ್ನ ರೂಢಿ ಹೀಗಿದೆ. ಅಳತೆ, ಲೆಕ್ಕ, ಅಭಿಪ್ರಾಯ ಇರುವ ಪ್ರತಿಯೊಂದು ವರದಿಗೂ ಟೋಕನ್ ಮತ್ತು ಸಮಯಮುದ್ರೆ. ಭೇಟಿಯ ಒಪ್ಪಿಗೆ, ಕೆಲಸ ವಹಿಸುವ ಪತ್ರದಂಥವಕ್ಕೆ ಒಟಿಪಿ ಸಹಿತ ಆನ್‌ಲೈನ್ ಸೇವೆ. ಸ್ಕ್ಯಾನ್ ಮಾಡಿದ ಸಹಿ ಚಿತ್ರವನ್ನು ಕಂಪ್ಯೂಟರಿನಿಂದಲೇ ಅಳಿಸಿದ್ದೇನೆ. ಟೋಕನ್ನನ್ನು ಕೆಲಸ ಮುಗಿದೊಡನೆ ಕಿತ್ತು ಬೀಗದೊಳಗೆ ಇಡುತ್ತೇನೆ, ಪಿನ್ ಸಹಾಯಕರಿಗೂ ಗೊತ್ತಿಲ್ಲ. ‘ಸಾರ್, ಪಿನ್ ಹೇಳಿಬಿಡಿ, ನಾನೇ ಹಾಕಿ ಕಳಿಸ್ತೀನಿ’ ಎಂದು ಅವರು ಕೇಳಿದ್ದು ಒಳ್ಳೆಯ ಮನಸ್ಸಿನಿಂದಲೇ, ಆದರೂ ಕೊಡಲಿಲ್ಲ.

ವರದಿ ಪಡೆಯುವವರಿಗೆ ಮೂಲ ಕಡತವನ್ನೇ ಕಳಿಸಿ, ಸಹಿಯ ವಿವರ ತೆರೆದು ಹೆಸರು ನೋಡಿರೆಂದು, ಪಿಡಿಎಫ್ ತಂತ್ರಾಂಶವನ್ನು ಹೊಸದಾಗಿ ಇಟ್ಟುಕೊಳ್ಳಿರೆಂದು ಎರಡು ಸಾಲು ಬರೆಯುತ್ತೇನೆ. ಜರ್ಮನಿಯ ಬೋಹುಮ್‌ನ ರೂರ್ ವಿಶ್ವವಿದ್ಯಾಲಯದ ಸಂಶೋಧಕರು 2019ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ 22 ಪಿಡಿಎಫ್ ತಂತ್ರಾಂಶಗಳಲ್ಲಿ 21 ತಿದ್ದಿದ ಕಡತಕ್ಕೂ ಸಹಿ ಸರಿಯಿದೆ ಎಂದು ತೋರಿಸುವಂತೆ ಮೋಸಹೋಗಿದ್ದವು. ಕಳೆದ ವಾರ ಒಬ್ಬರು ಆ ಎರಡು ಸಾಲು ಓದಿ ಫೋನ್ ಮಾಡಿ, ತಮ್ಮ ಕಂಪ್ಯೂಟರಿನಲ್ಲಿ ನನ್ನ ಹೆಸರು ಎಲ್ಲಿ ಕಾಣುತ್ತದೆ ಎಂದು ಕೇಳಿದರು. ಹತ್ತು ನಿಮಿಷ ಕೂತು ಹೇಳಿಕೊಟ್ಟೆ.