ಅಪ್ಪನ ಬ್ಯಾಡ್ಜುಗಳಿಗೆ ಫ್ರೇಮ್: ಪುಣೆ ಕ್ಯಾಂಪಿನ ಒಂದು ಮಿಲಿಟರಿ ಟೇಲರ್ ಅಂಗಡಿ

ನಮ್ಮ ಅಪ್ಪ 1974ರಲ್ಲಿ ಮರಾಠಾ ಲೈಟ್ ಇನ್‌ಫಂಟ್ರಿಗೆ ಸಿಪಾಯಿಯಾಗಿ ಸೇರಿದವರು. 2000ದಲ್ಲಿ ಸುಬೇದಾರ್ ಆಗಿ ನಿವೃತ್ತರಾದರು. ಅಷ್ಟು ವರ್ಷದ ಬ್ಯಾಡ್ಜುಗಳು ಬೆಳಗಾವಿ ಮನೆಯ ಟ್ರಂಕಿನಲ್ಲಿ, ಒಂದು ಬಿಸ್ಕತ್ ಡಬ್ಬಿಯೊಳಗೆ ಇದ್ದವು. ಎಪ್ಪತ್ತನೇ ಹುಟ್ಟುಹಬ್ಬಕ್ಕೆ ಫ್ರೇಮ್ ಹಾಕಿಸಿ ಕೊಡೋಣ ಅಂತ ಅಪ್ಪನಿಗೆ ಹೇಳದೆ ಡಬ್ಬಿಯನ್ನು ಪುಣೆಗೆ ತಂದೆ.

ಪುಣೆಯಲ್ಲಿ ಇಂಥ ಕೆಲಸ ಗೊತ್ತಿರುವವರು ಸಿಗುತ್ತಾರೆ. ಸೇನೆಯ ದಕ್ಷಿಣ ಕಮಾಂಡಿನ ಮುಖ್ಯ ಕಚೇರಿ ಇಲ್ಲೇ ಇದೆ. ಖಡಕ್‌ವಾಸ್ಲಾದಲ್ಲಿ ಸೇನಾ ಅಧಿಕಾರಿಗಳನ್ನು ತಯಾರು ಮಾಡುವ ಎನ್‌ಡಿಎ, ಖಡಕಿಯಲ್ಲಿ ಸೇನೆಯ ಎಂಜಿನಿಯರುಗಳ ಪಡೆ ಬಾಂಬೆ ಸ್ಯಾಪರ್ಸ್. ನಾನು ಹೋದದ್ದು ಕ್ಯಾಂಪಿನಲ್ಲಿ, ಈಸ್ಟ್ ಸ್ಟ್ರೀಟ್ ಕಡೆಯ ಗಲ್ಲಿಯೊಂದರ ಅಂಗಡಿಗೆ. ಹೆಸರು ಹಾಕಬೇಡಿ, ಈಗಿರುವ ಕೆಲಸವೇ ಜಾಸ್ತಿ ಅಂತ ಮಾಸ್ಟರ್ ಕೇಳಿಕೊಂಡಿದ್ದಾರೆ. ಅದಕ್ಕೆ ಹಾಕುತ್ತಿಲ್ಲ.

ಮಾಸ್ಟರ್ ಸೊಲ್ಲಾಪುರದವರು. ನಾನು ಫೋನಿನಲ್ಲಿ ಮಾತಾಡುತ್ತಿದ್ದದ್ದನ್ನು ಕೇಳಿ "ಯಾವೂರ್ರೀ ನಿಮ್ದು?" ಅಂತ ಕನ್ನಡದಲ್ಲೇ ಶುರು ಮಾಡಿದರು. ಮೇಜಿನ ಮೇಲೆ ಕಪ್ಪು ಬಟ್ಟೆ ಹಾಸಿ ಡಬ್ಬಿಯನ್ನು ಮೆಲ್ಲಗೆ ಸುರಿದರು. ಒಂದೊಂದೇ ಎತ್ತಿ ಎರಡು ಗುಂಪು ಮಾಡಿದರು. ಎಡಕ್ಕೆ ಹಿತ್ತಾಳೆ ಸಾಮಾನು: ಟೋಪಿಗೆ ಹಾಕುವ ಬ್ಯಾಡ್ಜು, ಅದರಲ್ಲಿ ಕಹಳೆ, ಅಡ್ಡ ಕತ್ತಿ, ಗುರಾಣಿ. ಬಲಕ್ಕೆ ತೋಳಿಗೆ ಹಾಕುವ ಬಟ್ಟೆಯ ಬಿಲ್ಲೆಗಳು. ಒಂದರಲ್ಲಿ ಕಠಾರಿ, ಇನ್ನೊಂದರಲ್ಲಿ ಆನೆ.

"ಇವೆರಡೂ ಕಲಸಬ್ಯಾಡ್ರೀ. ಇದು ಸ್ವಂತ ಮನಿ. ಇವು ಬಾಡಿಗಿ ಮನಿ."

ಸೇನೆಯವರ ಮನೆಯಲ್ಲಿ ಬೆಳೆದೂ ನನಗೆ ಇದು ಗೊತ್ತಿರಲಿಲ್ಲ. ರೆಜಿಮೆಂಟ್ ಅಂದರೆ ಒಟ್ಟಿಗೆ ಯುದ್ಧಕ್ಕೆ ಹೋಗುವ ಪಡೆ ಅಂದುಕೊಂಡಿದ್ದೆ. ಹಾಗಲ್ಲ. ನಮ್ಮಲ್ಲಿ ಕಾಲಾಳು ರೆಜಿಮೆಂಟ್ ಅಂದರೆ ಒಂದು ಮನೆತನ ಇದ್ದ ಹಾಗೆ. 1768ರಷ್ಟು ಹಳೆಯ ಮರಾಠಾ ಲೈಟ್ ಇನ್‌ಫಂಟ್ರಿಗೆ ಬೆಳಗಾವಿಯ ಸೆಂಟರೇ ತವರು. ತರಬೇತಿ ಅಲ್ಲೇ. ಅಲ್ಲಿಂದ ಹುಡುಗರು ಬೇರೆ ಬೇರೆ ಬೆಟಾಲಿಯನ್ನಿಗೆ ಹೋಗುತ್ತಾರೆ. ಅಪ್ಪನ ಬಾಯಲ್ಲಿ ಅದು ಬೆಟಾಲಿಯನ್ ಅಲ್ಲ, 'ಪಲ್ಟನ್'. ಈ ಪಲ್ಟನ್ನುಗಳು ದೇಶದ ತುಂಬ ಹರಡಿಕೊಂಡಿರುತ್ತವೆ. ಒಟ್ಟಿಗೆ ಯುದ್ಧಕ್ಕೆ ಹೋಗುವುದು ಬ್ರಿಗೇಡ್. ಒಂದೇ ಬ್ರಿಗೇಡಿನಲ್ಲಿ ಮರಾಠಾ ಪಲ್ಟನ್ನಿನ ಪಕ್ಕ ಸಿಖ್ ಪಲ್ಟನ್, ಅದರ ಪಕ್ಕ ಮದ್ರಾಸ್ ಪಲ್ಟನ್ ಇರಬಹುದು. ಕೆಲವು ವರ್ಷ ಕಳೆದರೆ ಇಡೀ ಪಲ್ಟನ್ ಇನ್ನೊಂದು ಬ್ರಿಗೇಡಿಗೆ ಹೊರಡುತ್ತದೆ. ತೋಳಿನ ಬಿಲ್ಲೆ ಆಗ ಸೇರಿರುವ ಪಡೆಯದು, ಅದು ಬದಲಾಗುತ್ತದೆ. ಟೋಪಿಯ ಕಹಳೆ ಹಾಗೇ ಇರುತ್ತದೆ.

ಕಠಾರಿಯ ಬಿಲ್ಲೆ ಬಾರಾಮುಲ್ಲಾದ 19ನೇ ಡಿವಿಷನ್ನಿನದು. ಅದನ್ನೇ ಹಿಡಿದು ಮಾಸ್ಟರ್ ನನಗೆ ಇಡೀ ಏಣಿ ತೋರಿಸಿದರು. ಹತ್ತು ಜನರ ಸೆಕ್ಷನ್. ಅಂಥ ಮೂರು ಸೇರಿ ಪ್ಲಟೂನ್, ಮೂರು ಪ್ಲಟೂನಿಗೆ ಒಂದು ಕಂಪನಿ. ನಾಲ್ಕು ರೈಫಲ್ ಕಂಪನಿ, ಜೊತೆಗೆ ಮಾರ್ಟರ್, ಸಿಗ್ನಲ್, ಅಡುಗೆಯವರು ಎಲ್ಲ ಸೇರಿ ಸುಮಾರು 800 ಜನರ ಪಲ್ಟನ್, ಅದಕ್ಕೊಬ್ಬ ಕರ್ನಲ್. ಮೂರು ಪಲ್ಟನ್ನಿನ ಸುತ್ತ ಒಂದು ಬ್ರಿಗೇಡ್. ಕೆಲವು ಬ್ರಿಗೇಡಿಗೆ ಒಂದು ಡಿವಿಷನ್, ಅದು ಮೇಜರ್ ಜನರಲ್ ಕೈಯಲ್ಲಿ. ಬಾರಾಮುಲ್ಲಾ ಡಿವಿಷನ್ನಿನ ಮೇಲೆ ಶ್ರೀನಗರದ 15ನೇ ಕೋರ್. ಅದರ ಮೇಲೆ ಉಧಂಪುರದ ಉತ್ತರ ಕಮಾಂಡ್. ಕಮಾಂಡುಗಳು ಒಟ್ಟು ಏಳು, ಅದರಲ್ಲಿ ಶಿಮ್ಲಾದ್ದು ತರಬೇತಿಗೆ. ಎಲ್ಲದರ ಮೇಲೆ ದಿಲ್ಲಿಯಲ್ಲಿ ಸೇನಾ ಮುಖ್ಯಸ್ಥರು.

ಅಪ್ಪ ಪ್ಲಟೂನ್ ನಡೆಸುತ್ತಿದ್ದರು. ಮೂವತ್ತು ಚಿಲ್ಲರೆ ಹುಡುಗರು. ಯಾರ ಮನೆಯಲ್ಲಿ ಯಾರಿಗೆ ಹುಷಾರಿಲ್ಲ ಅನ್ನುವುದೂ ಅವರಿಗೆ ಗೊತ್ತಿರುತ್ತಿತ್ತು.

ಆನೆಯ ಬಿಲ್ಲೆ ತೇಜ್‌ಪುರದ 4ನೇ ಕೋರಿನದು. ಅಪ್ಪ ಸ್ವಲ್ಪ ಕಾಲ ಅಲ್ಲಿನ ಹೆಡ್‌ಕ್ವಾರ್ಟರಿನಲ್ಲಿದ್ದರು. ಕೆಂಪು-ಬಿಳಿ-ಕೆಂಪು ಪಟ್ಟಿ ಇದ್ದರೆ ಕೋರ್, ನಡುವೆ ಕಪ್ಪಿದ್ದರೆ ಕಮಾಂಡ್ ಅಂತೆ. ಇನ್ನೊಂದು ಮಾತು ನನಗೆ ಬಹಳ ಹಿಡಿಸಿತು. 2023ರ ಆಗಸ್ಟ್ 1ರಿಂದ ಬ್ರಿಗೇಡಿಯರ್ ಮತ್ತು ಮೇಲಿನವರಿಗೆ ಟೋಪಿ, ಬೆಲ್ಟು, ಬೂಟು ಎಲ್ಲ ಒಂದೇ ಥರ. ಬ್ರಿಗೇಡ್ ನಡೆಸುವವರ ಕೈಕೆಳಗೆ ಎಲ್ಲ ರೆಜಿಮೆಂಟಿನ ಹುಡುಗರೂ ಇರುತ್ತಾರೆ. ಅವರು ತಮ್ಮ ಮನೆತನದ ಗುರುತು ತೆಗೆದಿಡುವುದು ಸರಿ ಅಲ್ವಾ?

ಈಗ ಕೆಲಸದ ವಿಷಯ. ವಾರದಲ್ಲಿ ಕೊಡುತ್ತೇವೆ ಅಂದವರು ಹದಿನಾರು ದಿನ ಮಾಡಿದರು. ಎರಡು ಸಲ ಸುಮ್ನೆ ಅಲೆದೆ. ಫ್ರೇಮ್ ಸಿಕ್ಕ ದಿನ ಫೋಟೋ ತೆಗೆದು ಚಿಕ್ಕಪ್ಪನಿಗೆ ಕಳಿಸಿದೆ. ಅವರೂ ಅದೇ ಪಲ್ಟನ್ನಿನವರು. ಐದು ನಿಮಿಷದಲ್ಲಿ ಫೋನ್ ಬಂತು. "ರಿಬ್ಬನ್ ಎಲ್ಲೈತೋ? ಅದಿಲ್ಲಂದ್ರ ಇದು ನಿಮ್ಮಪ್ಪಂದು ಅಲ್ಲ."

ಸುಬೇದಾರರ ಭುಜಕ್ಕೆ ಎರಡು ನಕ್ಷತ್ರ. ಲೆಫ್ಟಿನೆಂಟಿಗೂ ಎರಡೇ. ಸುಬೇದಾರರದ್ದರಲ್ಲಿ ಕೆಂಪು-ಹಳದಿ-ಕೆಂಪು ರಿಬ್ಬನ್ನಿನ ತುಂಡು ಇರುತ್ತದೆ, ವ್ಯತ್ಯಾಸ ಅಷ್ಟೇ. ಬೆರಳಗಲದ ಆ ತುಂಡು ಸಿಪಾಯಿಯಾಗಿ ಸೇರಿ, ಲಾನ್ಸ್ ನಾಯಕ್, ನಾಯಕ್, ಹವಾಲ್ದಾರ್, ನಾಯಬ್ ಸುಬೇದಾರ್ ಅಂತ ಮೇಲೆ ಬಂದದ್ದರ ಗುರುತು. ಫ್ರೇಮ್ ಮಾಡುವ ಹುಡುಗ ಅದನ್ನು ಪೊಟ್ಟಣದಲ್ಲೇ ಬಿಟ್ಟಿದ್ದ. ಓಡಿದೆ. ಮಾಸ್ಟರ್ ಮುಖ ಸಣ್ಣದಾಯಿತು. ತಾವೇ ಕೂತು ಗಾಜು ಬಿಚ್ಚಿ, ಹಳೇ ರಿಬ್ಬನ್ನನ್ನೇ ಹೊಲಿದು, ಅರ್ಧ ಗಂಟೆಯಲ್ಲಿ ಕೊಟ್ಟರು. ಅದಕ್ಕೆ ದುಡ್ಡು ಮುಟ್ಟಲಿಲ್ಲ.

ಒಟ್ಟು 2,850 ರೂಪಾಯಿ ಆಯಿತು. ತೇಗದ ಚೌಕಟ್ಟು, ಒಳಗೆ ಕಡು ಹಸಿರು ಬಟ್ಟೆ. ಮುರಿದ ಒಂದು ನಕ್ಷತ್ರಕ್ಕೆ ಬದಲಿ ಕೊಡುವ ಮೊದಲು ಅಪ್ಪನ ಮಾಜಿ ಸೈನಿಕ ಕಾರ್ಡ್ ನೋಡಿಯೇ ಕೊಟ್ಟರು. ನನ್ನೆದುರೇ ಒಬ್ಬ ಕಾಲೇಜು ಹುಡುಗ 2022ರಲ್ಲಿ ಬಂದ ಹೊಸ ಕಾಂಬ್ಯಾಟ್ ಡ್ರೆಸ್ಸಿನ ಬಟ್ಟೆ ಕೇಳಿದ. ಸೇನೆಯವರಲ್ಲದವರಿಗೆ ಕೊಡಲ್ಲ ಅಂತ ಕಳಿಸಿಬಿಟ್ಟರು. ಈ ಅಂಗಡಿಯ ಮೇಲೆ ನನಗೆ ನಂಬಿಕೆ ಬಂದದ್ದು ಇದರಿಂದಲೇ.

ನೀವೂ ಇಂಥ ಕೆಲಸ ಮಾಡಿಸುವುದಾದರೆ ಮನೆಯವರ ಡಿಸ್ಚಾರ್ಜ್ ಬುಕ್ (ನಿವೃತ್ತಿಯಾಗುವಾಗ ಸೇನೆ ಕೊಡುವ ಸೇವಾ ದಾಖಲೆ) ಜೊತೆಗೆ ಒಯ್ಯಿರಿ, ಎಲ್ಲೆಲ್ಲಿದ್ದರು ಅಂತ ಹೇಳಲು ಬೇಕಾಗುತ್ತದೆ. ಮಧ್ಯಾಹ್ನ ಒಂದರಿಂದ ನಾಲ್ಕು ಅಂಗಡಿ ಮುಚ್ಚಿರುತ್ತದೆ. ದಿನಾಂಕದ ಗಡುವಿದ್ದರೆ ತಿಂಗಳು ಮೊದಲೇ ಕೊಡಿ. ಗಾಜು ಕೂರಿಸುವ ಮುಂಚೆ ಸೇನೆಯಲ್ಲಿದ್ದ ಯಾರಿಗಾದರೂ ಒಮ್ಮೆ ತೋರಿಸಿ.

ಅಪ್ಪ ಫ್ರೇಮನ್ನು ತೊಡೆಯ ಮೇಲಿಟ್ಟುಕೊಂಡು ಬಹಳ ಹೊತ್ತು ಕೂತಿದ್ದರು. ಆಮೇಲೆ ರಿಬ್ಬನ್ನಿನ ಮೇಲೆ, ಗಾಜಿನ ಹೊರಗಿನಿಂದಲೇ, ಹೆಬ್ಬೆರಳಿಟ್ಟು ಒರೆಸಿದರು.