ಫ್ರೆಂಚ್ ರಗ್ಬಿ ಸೀಸನ್ ಪಾಸ್: ಆಟಕ್ಕೆ ಐದು ಸ್ಟಾರ್, ಆ್ಯಪಿಗೆ ಎರಡೇ

ಬದಿಯಡ್ಕ ಹತ್ರದ ತೋಟದ ಮನೆಯಲ್ಲಿ ಕೂತು ಫ್ರಾನ್ಸಿನ ದೊಡ್ಡ ರಗ್ಬಿ ಲೀಗು ಟಾಪ್ 14 ನೋಡ್ತೇನೆ ಅಂದ್ರೆ ಊರಿನವ್ರು ನಗಾಡ್ತಾರೆ, ನಗಾಡ್ಲಿ. 2024-25ರ ಇಡೀ ಸೀಸನಿಗೆ ಒಂದು ಆ್ಯಪಿನ ಪಾಸ್ ತೆಗೊಂಡಿದ್ದೆ, ಯಾವ ಆ್ಯಪ್ ಅಂತ ಕೇಳ್ಬೇಡಿ, ಸುಮ್ನೆ ಜಗಳ ಯಾಕೆ.

ಮೊದಲು ಒಳ್ಳೇದು ಹೇಳ್ತೇನೆ. 14 ಟೀಮು, ಒಬ್ಬೊಬ್ರಿಗೆ 26 ಮ್ಯಾಚು, ಸೆಪ್ಟೆಂಬರಿಂದ ಜೂನ್ ತನಕ, ಕೊಟ್ಟ ದುಡ್ಡಿಗೆ ಧಾರಾಳ ಆಯ್ತು. ಎದುರಿನವ್ರಿಗಿಂತ ಮೂರು ಟ್ರೈ (ಬಾಲನ್ನು ಅವ್ರ ಗೆರೆ ದಾಟಿಸಿ ನೆಲಕ್ಕೆ ಒತ್ತುದು) ಜಾಸ್ತಿ ಹಾಕಿ ಗೆದ್ರೆ ಬೋನಸ್ ಪಾಯಿಂಟು, ಐದು ಅಂಕದ ಅಂತರದೊಳಗೆ ಸೋತ್ರೂ ಒಂದು ಪಾಯಿಂಟು, ನಮ್ಮ ಪ್ರೊ ಕಬಡ್ಡಿಯಲ್ಲಿ ಏಳರೊಳಗೆ ಸೋತ್ರೆ ಕೊಡ್ತಾ ಇದ್ದ ಹಾಗೆ. ಹಾಗಾಗಿ ಸೋಲುದು ಗ್ಯಾರಂಟಿ ಆದವ್ರು ಸಹ ಕೊನೇ ನಿಮಿಷದವರೆಗೆ ಬಿಡುದಿಲ್ಲ. ಕಡೇ ಸ್ಥಾನದವ್ರು ಸೀದಾ ಕೆಳಗಿನ ಲೀಗಿಗೆ, 13ನೆಯವ್ರು ಉಳಿಲಿಕ್ಕೆ ಇನ್ನೊಂದು ಮ್ಯಾಚ್ ಆಡ್ಬೇಕು. ವಾನ್ ಅಂತ ಒಂದು ಟೀಮು, ಫ್ರಾನ್ಸಿನದೇ ಬ್ರಿಟನಿ ಪ್ರಾಂತ್ಯದ ಕಡೆಯಿಂದ ಮೊದಲ ಸಲ ಮೇಲೆ ಬಂದದ್ದು, ಒಂದೇ ವರ್ಷದಲ್ಲಿ ವಾಪಸ್ ಹೋಯ್ತು ಪಾಪ. ನನಗೆ ಜಾಸ್ತಿ ಖುಷಿ ಕೊಟ್ಟದ್ದು ಅವ್ರ ಮ್ಯಾಚುಗಳೇ.

ಅಪ್ಪ ಜಗಲಿಯಲ್ಲಿ ಮೆಟ್ಟುಕತ್ತಿ ಮೇಲೆ ಕೂತು ಅಡಿಕೆ ಸುಲಿತಾ ಇರುವಾಗ ನಾನು ರಿಪ್ಲೇ ಹಾಕುದು. "ಎದುರು ಜಾಗ ಉಂಟಲ್ಲ, ಬಾಲು ಹಿಂದೆ ಯಾಕೆ ಬಿಸಾಡುದು ಇವ?" ಅಂತ ಕೇಳಿದ್ರು. ಕೈಯಲ್ಲಿ ಮುಂದೆ ಪಾಸ್ ಮಾಡ್ಲಿಕ್ಕಿಲ್ಲ ಅಪ್ಪ ಅಂದೆ. ಸ್ಕ್ರಮ್ಮಲ್ಲಿ ಎಂಟೆಂಟು ಜನ ತಲೆ ಕೊಟ್ಟು ನೂಕುವಾಗ ಮಾತ್ರ ಅಡಿಕೆ ಕೈಯಲ್ಲೇ ಬಾಕಿ, ಪುಣ್ಯಾತ್ಮ ಕಣ್ಣು ತೆಗೀಲಿಲ್ಲ.

ಇನ್ನು ಆ್ಯಪಿನ ಕಥೆ. ರಿಪ್ಲೇ ನೋಡುವ ಅಂತ ತೆರೆದ್ರೆ ಚಿತ್ರದ ಮೇಲೆಯೇ ಸ್ಕೋರ್ ಬರೆದಿರ್ತದೆ! ನಡುರಾತ್ರಿ ಮ್ಯಾಚ್ ಬಿಟ್ಟು ಬೆಳಿಗ್ಗೆ ನೋಡುವವ್ರ ಹೊಟ್ಟೆಗೆ ಹೊಡೆದ ಹಾಗೆ ಅಲ್ವಾ? ಎರಡು ಸಲ ಮೇಲ್ ಕಳಿಸಿದೆ, ಎರಡು ಸಲವೂ ಅದೇ ಧನ್ಯವಾದ ಬಂತು.

ಫೈನಲ್ ಜೂನ್ 28ಕ್ಕೆ, ತುಲೂಸ್ ಮತ್ತು ಬೋರ್ಡೋ. ಹಿಂದಿನ ವರ್ಷ ಇದೇ ಫೈನಲಲ್ಲಿ ತುಲೂಸ್ 59-3 ಹೊಡೆದಿತ್ತು, ಆದ್ರೆ ಈ ಸಲ ಅವ್ರ ಸ್ಟಾರ್ ಆಟಗಾರ ಡ್ಯುಪಾಂಗೆ ಮಾರ್ಚಲ್ಲೇ ಮೊಣಗಂಟು ಹೋಗಿತ್ತು, ಬೋರ್ಡೋದವ್ರು ಮೇಯಲ್ಲಿ ಯುರೋಪ್ ಕಪ್ ಗೆದ್ದು ಬಂದಿದ್ರು. ನಮ್ಮಲ್ಲಿ ಧೋ ಅಂತ ಮಳೆ, ಕರೆಂಟಿಲ್ಲ, ಇನ್ವರ್ಟರಲ್ಲಿ ಮೋಡೆಮ್ ಉಸಿರು ಹಿಡ್ಕೊಂಡು ಓಡ್ತಾ ಉಂಟು, ಗಂಟೆ ಎರಡು ಕಳೀತು. 80 ನಿಮಿಷಕ್ಕೆ 33-33. ಎಕ್ಸ್‌ಟ್ರಾ ಟೈಮ್ ಅಂತ ನಾನು ಹೊದಿಕೆ ಬಿಸಾಡಿ ಕೂತದ್ದೇ, ಸ್ಕ್ರೀನಲ್ಲಿ "ಲೈವ್ ಮುಗಿದಿದೆ" ಅಂತ ಬಂತು! ಆ್ಯಪಿನವ್ರು ಹಾಕಿಟ್ಟ ಟೈಮು ಮುಗೀತು, ಮ್ಯಾಚ್ ಮುಗಿದದ್ದಲ್ಲ. ರಾಮೋಸ್ ಎರಡು ಪೆನಾಲ್ಟಿ ಒದ್ದು 39-33 ಮಾಡಿ ತುಲೂಸಿಗೆ 24ನೇ ಶೀಲ್ಡ್ ಕೊಡಿಸಿದ್ದು ನನಗೆ ಗೊತ್ತಾದ್ದು ಬೆಳಿಗ್ಗೆ, ಅದೂ ಅದೇ ಚಿತ್ರದ ಮೇಲಿನ ಸ್ಕೋರ್ ನೋಡಿ.

ಇನ್ನು ವರ್ಷದ ಪಾಸ್ ತೆಗೊಳ್ಳುದಿಲ್ಲ, ಒಂದೊಂದೇ ತಿಂಗಳಿಗೆ ಕಟ್ಟಿ ನೋಡುದು. ಅಪ್ಪ ಮಾತ್ರ "ಆ ನೂಕುವ ಆಟ ಇನ್ನು ಯಾವಾಗ" ಅಂತ ಮೊನ್ನೆಯೂ ಕೇಳಿದ್ರು.