ಹದಿನೈದು ವ್ಯಾಟ್‌ನಲ್ಲಿ ಶುಭ್ರ ನಾದ: ಫೆಂಡರ್ ಬ್ಲೂಸ್ ಜೂನಿಯರ್ ಟ್ಯೂಬ್ ಆಂಪ್

ಬೆಂಗಳೂರಿನ ಜಾಮ್ ರೂಮ್‌ಗಳಲ್ಲಿ ಗಂಟೆಯ ಲೆಕ್ಕದಲ್ಲಿ ಬಾಡಿಗೆ ಕೊಟ್ಟು ಅಭ್ಯಾಸ ಮಾಡುವ ಗಿಟಾರ್ ವಾದಕರಿಗೆ ಆಂಪ್, ಅಂದರೆ ಗಿಟಾರಿನ ಸದ್ದನ್ನು ಹಿಗ್ಗಿಸುವ ಆಂಪ್ಲಿಫೈಯರ್, ಆರಿಸಿಕೊಳ್ಳುವ ಅವಕಾಶ ಸಾಮಾನ್ಯವಾಗಿ ಇರುವುದಿಲ್ಲ. ಅಲ್ಲಿ ಯಾವುದಿದೆಯೋ ಅದಕ್ಕೇ ಕೇಬಲ್ ಸಿಕ್ಕಿಸಬೇಕು. ಮನೆಯಲ್ಲಿ ಟ್ರಾನ್ಸಿಸ್ಟರ್ ಆಂಪ್‌ನಲ್ಲಿ ಕಲಿತವರು ಮೊದಲ ಸಲ ಟ್ಯೂಬ್ ಆಂಪ್ (ಟ್ರಾನ್ಸಿಸ್ಟರ್ ಬದಲು ಗಾಜಿನ ನಿರ್ವಾತ ನಳಿಕೆಗಳಿಂದ ಕೆಲಸ ಮಾಡುವುದು) ನುಡಿಸಿದಾಗ ಹೇಳುವ ದೂರು ಬಹುಮಟ್ಟಿಗೆ ಒಂದೇ: ಸದ್ದನ್ನು ಎಷ್ಟು ಕಡಿಮೆ ಇಟ್ಟರೂ ನಾದ ಒಡೆಯುತ್ತದೆ, ಅಂದರೆ ಕರಕರ ಎನ್ನುತ್ತದೆ. ಜಯನಗರದ ಒಂದು ಜಾಮ್ ರೂಮ್‌ನಲ್ಲಿರುವ ಫೆಂಡರ್ ಬ್ಲೂಸ್ ಜೂನಿಯರ್ ಆಂಪ್‌ನ ನಾಲ್ಕನೆಯ ಆವೃತ್ತಿಯನ್ನು ನಾನು ಬಳಸುತ್ತ ಬಂದಿದ್ದೇನೆ. ಭಾವಗೀತೆ ಹಾಡುವವರಿಗೆ ಹಿನ್ನೆಲೆಯಾಗಿ ಕಾರ್ಡ್ (ಒಟ್ಟಿಗೆ ಮೀಟುವ ಹಲವು ಸ್ವರಗಳು) ನುಡಿಸುವುದು ನನ್ನ ಮುಖ್ಯ ಕೆಲಸವಾದ್ದರಿಂದ, ಈ ವಿಮರ್ಶೆಯನ್ನು ಒಡೆಯದ, ಶುಭ್ರ ನಾದವೊಂದನ್ನೇ ಗಮನದಲ್ಲಿಟ್ಟುಕೊಂಡು ಬರೆದಿದ್ದೇನೆ. ಆ ದೃಷ್ಟಿಯಿಂದ ಇದು ನಿಜಕ್ಕೂ ಒಳ್ಳೆಯ ಆಂಪ್. ಆದರೆ ಅದರ ಎರಡು ನಾಬ್‌ಗಳ ಸಂಬಂಧವನ್ನು ಅರಿಯದವರಿಗೆ ಅದು ತನ್ನ ಒಳ್ಳೆಯತನವನ್ನು ತೋರಿಸುವುದಿಲ್ಲ.

ಬ್ಲೂಸ್ ಜೂನಿಯರ್ 1995ರಲ್ಲಿ ಬಂದ ಮಾದರಿ, ಅದರ ನಾಲ್ಕನೆಯ ಆವೃತ್ತಿ ಬಂದದ್ದು 2018ರಲ್ಲಿ. ಸುಮಾರು 14 ಕಿಲೋ ತೂಕದ ಪೆಟ್ಟಿಗೆಯಲ್ಲಿ ಮೊದಲ ಹಂತಗಳಿಗೆ ಮೂರು 12ಎಎಕ್ಸ್7 ಪ್ರೀಆಂಪ್ ಟ್ಯೂಬ್‌ಗಳು, ಸ್ಪೀಕರನ್ನು ನಡೆಸುವ ಎರಡು ಇಎಲ್84 ಪವರ್ ಟ್ಯೂಬ್‌ಗಳು, 12 ಇಂಚಿನ ಸೆಲೆಷನ್ ಸ್ಪೀಕರ್ ಮತ್ತು ಅನುರಣನ ಕೊಡುವ ಸ್ಪ್ರಿಂಗ್ ರಿವರ್ಬ್ ಇವೆ. ಚಾನೆಲ್, ಅಂದರೆ ಸಿಗ್ನಲ್ ಸಾಗುವ ದಾರಿ, ಒಂದೇ ಆದ್ದರಿಂದ ಒತ್ತಿದರೆ ಶುಭ್ರ ನಾದ ಕೊಡುವ ಗುಂಡಿ ಇಲ್ಲಿಲ್ಲ. ಅದನ್ನು ನುಡಿಸುವವರೇ ಹೊಂದಿಸಿಕೊಳ್ಳಬೇಕು.

ವಾಲ್ಯೂಮ್ ಮತ್ತು ಮಾಸ್ಟರ್ ಎಂಬ ಎರಡು ನಾಬ್‌ಗಳನ್ನು ಒಂದೇ ಕಾಲುವೆಗೆ ಹಾಕಿದ ಎರಡು ತೂಬುಗಳೆಂದು ತಿಳಿಯಬಹುದು. ವಾಲ್ಯೂಮ್ ಮೇಲಿನ ತೂಬು: ಮೊದಲ ಟ್ಯೂಬ್ ಹಿಗ್ಗಿಸಿದ ಸಿಗ್ನಲ್‌ನಲ್ಲಿ ಎಷ್ಟು ಭಾಗ ಮುಂದಿನ ಹಂತಕ್ಕೆ ಹರಿಯಬೇಕೆಂಬುದನ್ನು ಅದು ನಿರ್ಧರಿಸುತ್ತದೆ. ಮಾಸ್ಟರ್ ಕೆಳಗಿನದು: ಪವರ್ ಟ್ಯೂಬ್‌ಗಳ ಕಡೆಗೆ ಎಷ್ಟು ಬಿಡಬೇಕೆಂಬುದು ಅದರ ಕೆಲಸ. ಸದ್ದು ಹೆಚ್ಚಾದೀತೆಂಬ ಅಂಜಿಕೆಯಿಂದ ಹೆಚ್ಚಿನವರು ಮಾಸ್ಟರನ್ನು ಇಳಿಸಿ, ಏನೂ ಕೇಳಿಸದಾದಾಗ ವಾಲ್ಯೂಮನ್ನು ಏರಿಸುತ್ತಾರೆ. ಆಗ ನಡುವಿನ ಹಂತಗಳು ತುಂಬಿ ದಡ ಮೀರುತ್ತವೆ, ಸದ್ದು ಸಣ್ಣದಿದ್ದರೂ ನಾದ ಒರಟಾಗುತ್ತದೆ. ಮಾಡಬೇಕಾದದ್ದು ಇದಕ್ಕೆ ತದ್ವಿರುದ್ಧ. ಮೊದಲು ವಾಲ್ಯೂಮನ್ನು ಸೊನ್ನೆಗೆ ಇಳಿಸಿ, ಮಾಸ್ಟರನ್ನು ಪೂರ್ತಿ ಬಲಕ್ಕೆ ತಿರುಗಿಸಿ, ಆಮೇಲೆ ಬಲವಾಗಿ ಕಾರ್ಡ್ ಮೀಟುತ್ತಲೇ ಬೇಕಾದಷ್ಟು ಸದ್ದು ಬರುವವರೆಗೆ ವಾಲ್ಯೂಮನ್ನು ನಿಧಾನವಾಗಿ ಏರಿಸಬೇಕು. ಸಣ್ಣ ಕೋಣೆಗೆ ಆ ನಾಬ್‌ನ ಮೊದಲ ಕಾಲುಭಾಗವೇ ಸಾಕು, ಮತ್ತು ಆ ಕಾಲುಭಾಗದಲ್ಲಿ ಈ ಆಂಪ್ ಕೊಡುವ ತಿಳಿಯಾದ, ಗುಂಡಗಿನ ನಾದ ಮನಸ್ಸಿಗೆ ತುಂಬ ಹಿತ.

ಕಾರ್ಡ್ ಮೀಟುತ್ತ ಪರೀಕ್ಷಿಸಬೇಕು ಎಂದದ್ದಕ್ಕೆ ಕಾರಣವಿದೆ. ಒಂದೇ ತಂತಿಯನ್ನು ಮೀಟಿದಾಗ ನಾದ ತುಸು ಒಡೆದರೂ ಸ್ವರಕ್ಕೆ ಅದರದೇ ಹಾರ್ಮೋನಿಕ್‌ಗಳು (ಅದರ ಕಂಪನದ ಎರಡರಷ್ಟು, ಮೂರರಷ್ಟು ಕಂಪಿಸುವ ಸ್ವರಗಳು) ಕೂಡುವುದರಿಂದ ಕಿವಿಗೆ ಇಂಪಾಗಿಯೇ ಇರುತ್ತದೆ. ಎರಡು ಸ್ವರಗಳು ಜೊತೆಯಲ್ಲಿ ಒಡೆದಾಗ ಅವುಗಳ ಕಂಪನಗಳ ಮೊತ್ತ ಮತ್ತು ವ್ಯತ್ಯಾಸಗಳೂ ಹೊಸ ಸ್ವರಗಳಾಗಿ ಹುಟ್ಟುತ್ತವೆ. 220 ಹರ್ಟ್ಸ್‌ನ ಷಡ್ಜಕ್ಕೆ 330ರ ಪಂಚಮ ಸೇರಿದರೆ ವ್ಯತ್ಯಾಸ 110, ಅಂದರೆ ಕೆಳಗಿನ ಸ್ಥಾಯಿಯ ಷಡ್ಜವೇ, ತೊಂದರೆಯಿಲ್ಲ. ಗಿಟಾರಿನ ಮೆಟ್ಟಿಲುಗಳ ಮೇಲೆ ಅಂತರ ಗಾಂಧಾರ ಸುಮಾರು 277 ಹರ್ಟ್ಸ್‌ನಲ್ಲಿ ನಿಲ್ಲುವುದರಿಂದ, ಅಲ್ಲಿ ಹುಟ್ಟುವ ವ್ಯತ್ಯಾಸ 57. ಅದು ಇನ್ನೂ ಕೆಳಗಿನ ಷಡ್ಜವಾದ 55ರ ಪಕ್ಕದಲ್ಲೇ ಇದ್ದು, ಶ್ರುತಿ ಸೇರದೆ ಗುರುಗುಟ್ಟುತ್ತದೆ. ಗಾಯಕಿಯ ಮೆಲುದನಿಯ ಹಿಂದೆ ನುಡಿಸುವವರಿಗೆ ಇದು ಸಣ್ಣ ವಿಷಯವಲ್ಲ.

ಟ್ರೆಬಲ್, ಬಾಸ್, ಮಿಡಲ್ ನಾಬ್‌ಗಳು ಏನನ್ನೂ ಸೇರಿಸುವುದಿಲ್ಲ, ಇರುವುದನ್ನು ಕಡಿಮೆ ಮಾಡುತ್ತವೆ ಅಷ್ಟೆ. ಮೂರನ್ನೂ ನಡುವಿಗೆ ಇಟ್ಟರೆ ಮಧ್ಯದ ಸ್ವರಗಳು ತಗ್ಗಿರುತ್ತವೆ. ಆದ್ದರಿಂದ ನಾನು ಮಿಡಲನ್ನು ಮೇಲೆಯೇ ಇಟ್ಟು, ಟ್ರೆಬಲನ್ನು ಕಿವಿಗೆ ಚುಚ್ಚದ ಮಟ್ಟಕ್ಕೆ ಇಳಿಸುತ್ತೇನೆ. ಬಾಸ್ ಕಡಿಮೆ ಇರಲೇಬೇಕು, ಏಕೆಂದರೆ ಆಂಪ್‌ನ ಶಕ್ತಿಯನ್ನು ಮೊದಲು ನುಂಗುವುದು ಕೆಳಗಿನ ಸ್ವರಗಳೇ. ನಾದಕ್ಕೆ ಮಾಂಸ ತುಂಬುವ ಫ್ಯಾಟ್ ಸ್ವಿಚ್ ಈ ಉಪಯೋಗಕ್ಕೆ ಬೇಡ. ಹಂಬಕರ್ ಪಿಕಪ್ (ತಂತಿಯ ಕಂಪನವನ್ನು ಹಿಡಿಯುವ, ಎರಡು ಸುರುಳಿಗಳ ಭಾಗ) ಇರುವ ಗಿಟಾರ್‌ಗಳಿಂದ ಹೆಚ್ಚು ಪ್ರಬಲವಾದ ಸಿಗ್ನಲ್ ಬರುವುದರಿಂದ ಗಿಟಾರಿನ ವಾಲ್ಯೂಮನ್ನೇ ಹತ್ತರಲ್ಲಿ ಏಳರ ಸುತ್ತಮುತ್ತ ಇಟ್ಟರೆ ಅರ್ಧ ಸಮಸ್ಯೆ ಅಲ್ಲೇ ತೀರುತ್ತದೆ. ರಿವರ್ಬ್ ಬಗ್ಗೆ ಹೆಚ್ಚು ಹೇಳಬೇಕಿಲ್ಲ, ಚೆನ್ನಾಗಿದೆ.

ಡ್ರಮ್ಸ್ ಸೇರಿದಾಗ ಮಾತ್ರ ಈ ಆಂಪ್‌ನ ಮಿತಿ ಗೋಚರಿಸುತ್ತದೆ. ಬಲವಾಗಿ ಬಾರಿಸುವ ಡ್ರಮ್ಮರ್ ಎದುರು 15 ವ್ಯಾಟ್ ಶುಭ್ರವಾಗಿ ಉಳಿಯುವುದಿಲ್ಲ. 30 ವ್ಯಾಟ್‌ನ ಆಂಪ್ ತಂದರೂ ಏರುವುದು ಕೇವಲ 3 ಡೆಸಿಬಲ್ ಆದ್ದರಿಂದ, ಆಂಪನ್ನು ಕುರ್ಚಿಯ ಮೇಲಿಟ್ಟು ಸ್ಪೀಕರನ್ನು ಕಿವಿಯ ಕಡೆಗೆ ತಿರುಗಿಸಿ, ಎದುರಿಗೆ ಮೈಕ್ ಹಿಡಿಸುವುದೇ ಸರಿಯಾದ ಮಾರ್ಗ. ಮೈಕ್ ಇಲ್ಲದೆಯೇ ವಾದ್ಯವೃಂದದಲ್ಲಿ ಶುಭ್ರ ನಾದ ಬೇಕೆನ್ನುವವರು ಇದೇ ಕಂಪನಿಯ 40 ವ್ಯಾಟ್‌ನ ಹಾಟ್ ರಾಡ್ ಡಿಲಕ್ಸ್ ನೋಡುವುದು ಒಳಿತು. ಮನೆಯ ಕೋಣೆ, ಸಣ್ಣ ಸಭೆ, ರೆಕಾರ್ಡಿಂಗ್ ಇವುಗಳಿಗೆ ಬ್ಲೂಸ್ ಜೂನಿಯರ್ ಅನ್ನು ನಾನು ನಿಸ್ಸಂಕೋಚವಾಗಿ ಸೂಚಿಸುತ್ತೇನೆ.

ಸ್ವಂತಕ್ಕೆ ಕೊಂಡವರು ಮೊದಲ ಪ್ರೀಆಂಪ್ ಟ್ಯೂಬನ್ನು ಬದಲಿಸಿಯೂ ನೋಡಬಹುದು: 12ಎಎಕ್ಸ್7ರ ವರ್ಧನಾಂಕ (ಸಿಗ್ನಲ್ಲನ್ನು ಹಿಗ್ಗಿಸುವ ಅಳತೆ) 100, 5751 ಎಂಬ ಟ್ಯೂಬಿನದು 70, ಹಾಗಾಗಿ ಎರಡನೆಯದನ್ನು ಹಾಕಿದರೆ ನಾದ ಒಡೆಯುವ ಮುನ್ನ ವಾಲ್ಯೂಮ್ ನಾಬ್ ಇನ್ನಷ್ಟು ದೂರ ತಿರುಗುತ್ತದೆ. ಆದರೆ ಒಳಗಿನ ಸರ್ಕ್ಯೂಟ್‌ಗೆ ಕೈ ಹಾಕಬಾರದು. ಪ್ಲಗ್ ಕಿತ್ತ ಮೇಲೂ ಕೆಪಾಸಿಟರ್‌ಗಳಲ್ಲಿ ನೂರಾರು ವೋಲ್ಟ್ ಉಳಿದಿರಬಹುದು. ಅಮೆರಿಕದಿಂದ ಬಂದವರ ಬಳಿ ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಆಂಪ್‌ನ ಹಿಂಬದಿಯ ಚೀಟಿಯನ್ನು ಓದಲೇಬೇಕು. ಅಲ್ಲಿ 120 ವೋಲ್ಟ್ ಎಂದಿದ್ದರೆ ನಮ್ಮ 230 ವೋಲ್ಟ್‌ಗೆ ನೇರವಾಗಿ ಸಿಕ್ಕಿಸದೆ, ತಕ್ಕ ಸಾಮರ್ಥ್ಯದ ವೋಲ್ಟೇಜ್ ಇಳಿಸುವ ಸ್ಟೆಪ್ ಡೌನ್ ಟ್ರಾನ್ಸ್‌ಫಾರ್ಮರ್ ಒಂದನ್ನು ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಅಂಗಡಿಗಳ ಎಸ್.ಪಿ. ರಸ್ತೆಯಲ್ಲಿ ವಿಚಾರಿಸಿ, ಅದರ ವೆಚ್ಚವನ್ನೂ ಸೇರಿಸಿಯೇ ಬೆಲೆ ಮಾತಾಡಬೇಕು.